ಚರ್ಚ್‌ನಲ್ಲಿ ಉಚಿತ ಟ್ಯೂಷನ್: ವಲಸೆ ಬಂದ ಮಕ್ಕಳಿಗೆ ಪಾಠ ಹೇಳಿಕೊಡಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಚರ್ಚ್‌ನ ಹಾಲ್ ವಾರವೆಲ್ಲ ಖಾಲಿ ಇರುತ್ತದೆ. ಅದರ ಹತ್ತಿರದಲ್ಲೇ ಬೇರೆ ಊರಿನಿಂದ, ಬೇರೆ ದೇಶದಿಂದ ಬಂದ ಕುಟುಂಬಗಳಿರುತ್ತವೆ. ಆ ಮನೆಗಳ ಮಕ್ಕಳು ಸ್ಕೂಲ್ ಬಿಟ್ಟ ಮೇಲೆ ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ತಮ್ಮ ಪಾಡಿಗೆ ತಾವಿರುತ್ತಾರೆ. ಸಭೆಯಲ್ಲಿ, ಅಂದರೆ ಚರ್ಚ್‌ಗೆ ಬರುವವರಲ್ಲಿ, ನಿವೃತ್ತ ಶಿಕ್ಷಕರಿದ್ದಾರೆ, ಕಾಲೇಜು ಓದುವವರಿದ್ದಾರೆ, ಏನಾದರೂ ಸೇವೆ ಮಾಡಬೇಕು ಅನ್ನುವವರೂ ಇದ್ದಾರೆ. ಮೂರನ್ನೂ ಸೇರಿಸಿದರೆ ಆಯ್ತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಸೇರಿಸುವುದೇನೋ ಸುಲಭ. ಸೇರಿಸಿದ್ದನ್ನು ಒಂದು ವರ್ಷ ಉಳಿಸಿಕೊಳ್ಳುವುದು ಕಷ್ಟ.

ಇಂಥ ಟ್ಯೂಷನ್‌ಗಳು ಸೊರಗಿದಾಗ ನಾವು ಹಣ ಸಾಲಲಿಲ್ಲ, ಪುಸ್ತಕ ಸಾಲಲಿಲ್ಲ ಅಂತೀವಿ. ನನ್ನ ಪ್ರಕಾರ ಅಸಲಿ ಕಾರಣ ಬೇರೆ. ಈ ವಾರ ಒಬ್ಬರು ಬರುತ್ತಾರೆ, ಮುಂದಿನ ವಾರ ಇನ್ನೊಬ್ಬರು. ಮಗುವಿಗೆ ಪ್ರತಿ ಸಲ ಹೊಸ ಮುಖ. ಮತ್ತೆ ಹೆಸರು ಹೇಳಬೇಕು, ತನಗೆ ಏನು ಬರುವುದಿಲ್ಲ ಅಂತ ಮತ್ತೆ ತೋರಿಸಿಕೊಳ್ಳಬೇಕು. ಮನೆ, ಗೆಳೆಯರು, ಅಜ್ಜಿ ಎಲ್ಲವನ್ನೂ ಒಂದು ಸಲ ಬಿಟ್ಟು ಬಂದ ಮಗುವಿಗೆ ಇದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಮಕ್ಕಳಿಗೆ ಜೊತೆಗಾರರಾಗಿ ಹೋಗುವ ಸ್ವಯಂಸೇವಕರ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದು ವರ್ಷ ಅಥವಾ ಜಾಸ್ತಿ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳು ತಮ್ಮ ಬಗ್ಗೆ ತಾವೇ ಇಟ್ಟುಕೊಂಡಿದ್ದ ನಂಬಿಕೆ ಇನ್ನಷ್ಟು ಕುಸಿದಿತ್ತು. ಅಂದರೆ ಅರ್ಧಕ್ಕೆ ಬಿಡುವ ಸಹಾಯದಿಂದ ಕೆಡುಕೂ ಆಗಬಹುದು.

ಹಾಗಾಗಿ ಮುಂದಿನ ಎಲ್ಲ ಹೆಜ್ಜೆಗಳ ಹಿಂದೆ ಒಂದೇ ಲೆಕ್ಕಾಚಾರವಿದೆ. ಒಂದು ಮಗುವಿಗೆ ಒಬ್ಬರೇ ದೊಡ್ಡವರು, ಅದೇ ದಿನ, ಅದೇ ಹೊತ್ತು, ಕನಿಷ್ಠ ಒಂದು ಶಾಲಾ ವರ್ಷ. ಉಳಿದದ್ದೆಲ್ಲ ಇದನ್ನು ಕಾಪಾಡುವುದಕ್ಕೆ.

ಹಿಂದೆ ಮಾಡಿದವರು

ಚರ್ಚ್‌ಗಳಿಗೆ ಈ ಕೆಲಸ ಹೊಸದೇನಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಶುರು ಮಾಡಿದ ಸಂಡೇ ಸ್ಕೂಲ್ ಈಗಿನ ಸಂಡೇ ಸ್ಕೂಲ್‌ನಂತೆ ಇರಲಿಲ್ಲ. ವಾರದಲ್ಲಿ ಆರು ದಿನ ದುಡಿಯುವ ಬಡ ಮಕ್ಕಳಿಗೆ ಭಾನುವಾರ ಮಾತ್ರ ಬಿಡುವು. ಆ ದಿನ ಅವರಿಗೆ ಓದಲು ಕಲಿಸಿದರು. 1841ರಿಂದ ಇಟಲಿಯ ಟ್ಯೂರಿನ್‌ನಲ್ಲಿ ಡಾನ್ ಬಾಸ್ಕೊ ಕೆಲಸ ಹುಡುಕಿಕೊಂಡು ಹಳ್ಳಿಗಳಿಂದ ನಗರಕ್ಕೆ ಬಂದ ಹುಡುಗರನ್ನು ಸೇರಿಸಿಕೊಂಡು ಪಾಠ, ಆಟ, ಪ್ರಾರ್ಥನೆ ನಡೆಸಿದರು. 1968ರಲ್ಲಿ ರೋಮ್‌ನಲ್ಲಿ ಆಂದ್ರೆಯಾ ರಿಕಾರ್ದಿ ಎಂಬ ಹೈಸ್ಕೂಲ್ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಒಂದು ಬಳಗ ಶುರು ಮಾಡಿದ. ನಗರದ ಅಂಚಿನ ಗುಡಿಸಲುಗಳ ಮಕ್ಕಳಿಗೆ ಮಧ್ಯಾಹ್ನದ ಹೊತ್ತು ಪಾಠ ಹೇಳಿಕೊಡುವುದು ಅವರ ಮೊದಲ ಕೆಲಸಗಳಲ್ಲಿ ಒಂದು. ಆ ಬಳಗವೇ ಇವತ್ತಿನ ಸಾಂತ್ ಎಜಿದಿಯೊ ಸಮುದಾಯ. ಅವರ 'ಶಾಂತಿಯ ಶಾಲೆ'ಗಳು ಈಗ ಹಲವು ದೇಶಗಳಲ್ಲಿವೆ. ಶುರು ಮಾಡಿದಾಗ ಅವರಲ್ಲಿ ಯಾರೂ ತರಬೇತಿ ಪಡೆದ ಶಿಕ್ಷಕರಾಗಿರಲಿಲ್ಲ ಅನ್ನುವುದು ನಮಗೆ ಸ್ವಲ್ಪ ಧೈರ್ಯ ಕೊಡಬೇಕು.

ಮೊದಲ ಹೆಜ್ಜೆ: ಧರ್ಮದ ವಿಷಯ ಇತ್ಯರ್ಥ ಮಾಡಿಕೊಳ್ಳಿ

ಇದನ್ನು ಮುಂದಕ್ಕೆ ಹಾಕಬೇಡಿ. ಕುರ್ಚಿ ಮೇಜು ಜೋಡಿಸುವ ಮೊದಲೇ ಪಾಸ್ಟರ್ ಅಥವಾ ಫಾದರ್, ಸಭೆಯ ಹಿರಿಯರು, ಪಾಠ ಹೇಳುವವರು ಒಟ್ಟಿಗೆ ಕೂತು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ. ಈ ಮಕ್ಕಳಲ್ಲಿ ಯಾರೂ ಎಂದೂ ನಮ್ಮ ಆರಾಧನೆಗೆ ಬರದಿದ್ದರೂ ನಾವು ಇದನ್ನು ಮುಂದುವರಿಸುತ್ತೇವಾ?

ಉತ್ತರ 'ಹೌದು' ಅಂತಿದ್ದರೆ ಮುಂದೆ ಹೋಗಿ. 'ನೋಡೋಣ' ಅಂತಿದ್ದರೆ ಬೇರೆ ಸೇವೆ ಹುಡುಕಿ. ಇದು ಸ್ವಲ್ಪ ಖಾರವಾಯಿತು, ಗೊತ್ತು. ಆದರೆ ಟ್ಯೂಷನ್ ಅಂತ ಕರೆದು ಪ್ರವಚನ ಕೊಡುವುದು ಮೋಸ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ, ಅಪ್ಪ ಅಮ್ಮನಿಗೆ ಇನ್ನೂ ಬೇಗ. ಬೈಬಲ್‌ನ ಮತ್ತಾಯ 25ನೇ ಅಧ್ಯಾಯದಲ್ಲಿ ಪರದೇಶಿಯನ್ನು ಸೇರಿಸಿಕೊಂಡವರು ಅದಕ್ಕೆ ಪ್ರತಿಯಾಗಿ ಏನನ್ನೂ ಕೇಳಿರಲಿಲ್ಲ. ತಾವು ಯಾರಿಗೆ ಮಾಡಿದ್ದೇವೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಯಾಜಕಕಾಂಡ 19:34 ಕೂಡ ಪರದೇಶದವರನ್ನು ನಿಮ್ಮಂತೆಯೇ ಪ್ರೀತಿಸಿ ಅನ್ನುತ್ತದೆ, ಅವರು ನಿಮ್ಮಂತೆ ಆದ ಮೇಲೆ ಪ್ರೀತಿಸಿ ಅನ್ನುವುದಿಲ್ಲ.

ಹಾಗಂತ ಚರ್ಚ್ ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಮುಚ್ಚಿಡುವುದೂ ತಪ್ಪೇ. ಸೇರಿಸಿಕೊಳ್ಳುವ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ: 'ಈ ಪಾಠವನ್ನು ನಮ್ಮ ಚರ್ಚ್ ನಡೆಸುತ್ತದೆ. ಎಲ್ಲ ಧರ್ಮದ ಮಕ್ಕಳಿಗೂ, ಧರ್ಮವೇ ಬೇಡ ಅನ್ನುವವರಿಗೂ ಅವಕಾಶವಿದೆ. ಪಾಠದ ಹೊತ್ತಿನಲ್ಲಿ ಧರ್ಮ ಬೋಧನೆ ಇರುವುದಿಲ್ಲ.' ಪ್ರಾರ್ಥನೆ ಅಥವಾ ಬೈಬಲ್ ಕಥೆ ಇಡಲೇಬೇಕು ಅಂತ ಸಭೆಗೆ ಅನಿಸಿದರೆ, ಅದನ್ನು ಪಾಠ ಮುಗಿದ ಮೇಲೆ ಬೇರೆ ಹೊತ್ತಿನಲ್ಲಿ, ಅಪ್ಪ ಅಮ್ಮ ಬೇರೆಯಾಗಿ ಒಪ್ಪಿಗೆ ಕೊಟ್ಟ ಮಕ್ಕಳಿಗೆ ಮಾತ್ರ ಇಡಿ. ತಿಂಡಿಯನ್ನಾಗಲಿ ಬಹುಮಾನವನ್ನಾಗಲಿ ಅದಕ್ಕೆ ಗಂಟು ಹಾಕಬೇಡಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಧರ್ಮ ಸ್ವಾತಂತ್ರ್ಯವನ್ನೂ, ಆ ವಿಷಯದಲ್ಲಿ ಮಗುವಿಗೆ ದಾರಿ ತೋರಿಸುವ ಅಪ್ಪ ಅಮ್ಮನ ಹಕ್ಕನ್ನೂ ಗೌರವಿಸಬೇಕು ಅನ್ನುತ್ತದೆ.

ಮಗುವೇ 'ನೀವು ಯಾಕೆ ಬರ್ತೀರಿ?' ಅಂತ ಕೇಳಿದರೆ? ನಿಜ ಹೇಳಿ, ಎರಡೇ ವಾಕ್ಯದಲ್ಲಿ ಹೇಳಿ, ಮತ್ತೆ ಲೆಕ್ಕಕ್ಕೆ ಬನ್ನಿ. 1 ಪೇತ್ರ 3:15 ಇಂಥ ಉತ್ತರಕ್ಕೆ ಸಿದ್ಧರಾಗಿರಿ ಅನ್ನುತ್ತದೆ. ಅದನ್ನು ಮೃದುವಾಗಿ, ಗೌರವದಿಂದ ಹೇಳಿ ಅಂತಲೂ ಅನ್ನುತ್ತದೆ.

ಎರಡನೇ ಹೆಜ್ಜೆ: ಶುರು ಮಾಡುವ ಮೊದಲು ಕೇಳಿ

ಏನು ಬೇಕು ಅಂತ ನೀವೇ ಊಹಿಸಬೇಡಿ. ಹತ್ತಿರದ ಸ್ಕೂಲ್‌ಗೆ ಹೋಗಿ ಹೆಡ್‌ಮಾಸ್ಟರ್‌ರನ್ನೋ ಭಾಷೆ ಕಲಿಸುವ ಟೀಚರ್‌ರನ್ನೋ ಮಾತಾಡಿಸಿ. ಯಾವ ತರಗತಿಯ ಮಕ್ಕಳು ಹಿಂದೆ ಬೀಳುತ್ತಿದ್ದಾರೆ? ಓದುವುದರಲ್ಲಾ, ಲೆಕ್ಕದಲ್ಲಾ? ಬೇರೆ ಯಾರಾದರೂ ಇದೇ ಕೆಲಸ ಮಾಡುತ್ತಿದ್ದಾರಾ? ಮಾಡುತ್ತಿದ್ದರೆ ಅವರ ಜೊತೆ ಸೇರಿಕೊಳ್ಳುವುದೇ ಮೇಲು. ನಮ್ಮ ಚರ್ಚ್ ಹೆಸರಿನಲ್ಲೇ ಆಗಬೇಕು ಅನ್ನುವ ಹಟ ಮಕ್ಕಳಿಗೆ ಉಪಯೋಗವಿಲ್ಲ.

ಆಮೇಲೆ ಕುಟುಂಬಗಳನ್ನು ಕೇಳಿ. ಯಾವ ಹೊತ್ತು ಆಗುತ್ತದೆ, ಮಗು ಹೇಗೆ ಬರುತ್ತದೆ, ಕತ್ತಲಾದ ಮೇಲೆ ಯಾರು ಕರೆದುಕೊಂಡು ಹೋಗುತ್ತಾರೆ. ಚಿಕ್ಕ ತಮ್ಮ ತಂಗಿಯನ್ನು ನೋಡಿಕೊಳ್ಳುವ ಅಕ್ಕ ಟ್ಯೂಷನ್‌ಗೆ ಬರಬೇಕಾದರೆ ಆ ಚಿಕ್ಕವರೂ ಜೊತೆಗೆ ಬರುತ್ತಾರೆ. ಅವರಿಗೆ ಒಂದು ಚಾಪೆ, ಬಣ್ಣದ ಪೆನ್ಸಿಲ್, ನೋಡಿಕೊಳ್ಳಲು ಒಬ್ಬರು ಬೇಕು. ಇದನ್ನು ಯೋಚಿಸದೆ ಇದ್ದರೆ, ಹೆಚ್ಚು ಅಗತ್ಯ ಇರುವ ಹೆಣ್ಣುಮಕ್ಕಳೇ ನಿಮ್ಮ ಕೈಗೆ ಸಿಗುವುದಿಲ್ಲ.

ಮೂರನೇ ಹೆಜ್ಜೆ: ಸ್ವಯಂಸೇವಕರು

ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬೇಕು? ಒಂದು ವರ್ಷ ಬರುತ್ತೇನೆ ಅಂತ ನಿಜವಾಗಿ ಮಾತು ಕೊಟ್ಟ ದೊಡ್ಡವರು ಎಷ್ಟಿದ್ದಾರೋ ಅದಕ್ಕಿಂತ ಸ್ವಲ್ಪ ಕಡಿಮೆ. ಹತ್ತು ಜನ ಇದ್ದರೆ ಎಂಟು ಮಕ್ಕಳು. ಉಳಿದ ಇಬ್ಬರು ಬದಲಿಗೆ. ಯಾರಿಗೋ ಜ್ವರ ಬಂದ ದಿನ ಮಗುವನ್ನು ವಾಪಸ್ ಕಳಿಸುವ ಹಾಗೆ ಆಗಬಾರದು. ಬದಲಿಯವರು ಪ್ರತಿ ವಾರ ಬಂದು ಮಕ್ಕಳಿಗೆ ಪರಿಚಯ ಇಟ್ಟುಕೊಳ್ಳಲಿ. ಆಗ ಅವರು ಹೊಸಬರು ಅನಿಸುವುದಿಲ್ಲ. ಜನ ಸಿಗದಿದ್ದರೆ ಒಬ್ಬರಿಗೆ ಇಬ್ಬರು ಮಕ್ಕಳ ತನಕ ಕೊಡಬಹುದು, ಅದೂ ಒಂದೇ ಮಟ್ಟದವರಾಗಿದ್ದರೆ. ಅದಕ್ಕಿಂತ ಜಾಸ್ತಿಯಾದರೆ ಅದು ಇನ್ನೊಂದು ಕ್ಲಾಸ್ ಆಗಿಬಿಡುತ್ತದೆ.

ವಾರಕ್ಕೆ ಎರಡು ದಿನ ಕನಿಷ್ಠ, ಮೂರಾದರೆ ತುಂಬಾ ಒಳ್ಳೆಯದು. ವಾರಕ್ಕೆ ಒಂದೇ ದಿನವಾದರೆ ಹಿಂದಿನ ವಾರದ್ದು ನೆನಪು ಮಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ.

ಭಾನುವಾರದ ಆರಾಧನೆಯ ಕೊನೆಯಲ್ಲಿ ಒಂದು ಪ್ರಕಟಣೆ ಓದಿದರೆ ಬಹಳ ಜನ ಕೈ ಎತ್ತುತ್ತಾರೆ. ಆ ಉತ್ಸಾಹವನ್ನು ನೆಚ್ಚಿಕೊಳ್ಳಬೇಡಿ. ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿ, ಕೆಲಸ ಏನು ಅಂತ ಬಿಡಿಸಿ ಹೇಳಿ: ಮಳೆಯಲ್ಲೂ ಬರಬೇಕು, ಪರೀಕ್ಷೆಯ ತಿಂಗಳಲ್ಲೂ ಬರಬೇಕು, ಮಗು ಥ್ಯಾಂಕ್ಸ್ ಹೇಳದಿದ್ದರೂ ಬರಬೇಕು. ಅರ್ಧದಷ್ಟು ಜನ ಹಿಂದೆ ಸರಿದರೆ ಒಳ್ಳೆಯದೇ ಆಯಿತು ಅಂದುಕೊಳ್ಳಿ. ಹಿಂದೆ ಸರಿದವರಿಗೆ ತಿಂಡಿ, ಗಾಡಿ, ಪುಸ್ತಕ ಜೋಡಿಸುವ ಕೆಲಸ ಕೊಡಿ.

ತರಬೇತಿ ಬೇಕೇ ಬೇಕು. ಟ್ಯೂಷನ್ ಬಗ್ಗೆ ನಡೆದ 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2020ರಲ್ಲಿ ಬಂತು. ಟ್ಯೂಷನ್‌ನಿಂದ ಒಳ್ಳೆಯ ಫಲ ಇದೆ ಅಂತಲೇ ಅದು ಹೇಳಿತು. ಆದರೆ ಶಿಕ್ಷಕರು ಮತ್ತು ತರಬೇತಾದ ಸಹಾಯಕರು ಹೇಳಿಕೊಟ್ಟಲ್ಲಿ ಫಲ ಜಾಸ್ತಿ, ಸ್ವಯಂಸೇವಕರು ಹೇಳಿಕೊಟ್ಟಲ್ಲಿ ಕಡಿಮೆ. ಇದನ್ನು ಬೇಜಾರಿನ ಸುದ್ದಿ ಅಂದುಕೊಳ್ಳಬೇಡಿ. ಸಭೆಯ ನಿವೃತ್ತ ಶಿಕ್ಷಕರಿಗೆ ಪಾಠ ಹೇಳುವ ಕೆಲಸಕ್ಕಿಂತ ಉಳಿದವರನ್ನು ತಯಾರು ಮಾಡುವ ಕೆಲಸ ಕೊಡಿ. ಅವರು ತಿಂಗಳಿಗೊಮ್ಮೆ ಪ್ರತಿ ಜೋಡಿಯ ಪಕ್ಕ ಸ್ವಲ್ಪ ಹೊತ್ತು ಕೂತು, ಆಮೇಲೆ ಒಂದೇ ಒಂದು ಸಲಹೆ ಕೊಡಲಿ. ಅಷ್ಟು ಸಾಕು.

ನಾಲ್ಕನೇ ಹೆಜ್ಜೆ: ಮಕ್ಕಳ ಸುರಕ್ಷತೆ

ಇಲ್ಲಿ ರಿಯಾಯಿತಿ ಇಲ್ಲ. 'ಅವರು ನಮ್ಮ ಸಭೆಯವರೇ, ಚಿಕ್ಕಂದಿನಿಂದ ಗೊತ್ತು' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಚರ್ಚ್‌ಗಳಲ್ಲೇ ಮಕ್ಕಳಿಗೆ ಅನ್ಯಾಯವಾದ ಉದಾಹರಣೆಗಳು ಬೇಕಾದಷ್ಟಿವೆ. ಪಾಸ್ಟರ್ ಆಗಲಿ ಹಿರಿಯರಾಗಲಿ, ಮಕ್ಕಳ ಜೊತೆ ಕೂರುವ ಪ್ರತಿಯೊಬ್ಬರಿಗೂ ನಿಮ್ಮ ದೇಶದ ಕಾನೂನು ಹೇಳುವ ಪೊಲೀಸ್ ಪರಿಶೀಲನೆ ಆಗಬೇಕು. ಇಬ್ಬರು ಹೊರಗಿನವರ ಶಿಫಾರಸು ಪಡೆಯಿರಿ, ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಎಲ್ಲ ಜೋಡಿಗಳೂ ಒಂದೇ ಹಾಲ್‌ನಲ್ಲಿ, ಒಬ್ಬರಿಗೊಬ್ಬರು ಕಾಣುವ ಹಾಗೆ ಕೂರಬೇಕು. ಮುಚ್ಚಿದ ಕೋಣೆಯಲ್ಲಿ ಒಂದು ಮಗು, ಒಬ್ಬರು ದೊಡ್ಡವರು ಮಾತ್ರ ಇರುವ ಸಂದರ್ಭ ಬರಲೇಬಾರದು. ಮಗುವಿನ ಫೋನ್‌ಗೆ ಖಾಸಗಿ ಮೆಸೇಜ್ ಬೇಡ, ಒಬ್ಬರೇ ಗಾಡಿಯಲ್ಲಿ ಬಿಟ್ಟು ಬರುವುದು ಬೇಡ, ಯಾರಿಗೂ ಗೊತ್ತಿಲ್ಲದ ಉಡುಗೊರೆ ಬೇಡ. ಮಗುವನ್ನು ಕರೆದುಕೊಂಡು ಹೋಗುವವರ ಹೆಸರು ಪಟ್ಟಿಯಲ್ಲಿರಲಿ.

ಫೋಟೋ ಬೇಡ. ಸಭೆಯ ವರದಿಗೆ, ದಾನಿಗಳಿಗೆ ತೋರಿಸಲು ಒಂದಾದರೂ ಬೇಕು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕೆಲವು ಕುಟುಂಬಗಳು ಯಾರಿಂದಲೋ ತಪ್ಪಿಸಿಕೊಂಡು ಬಂದಿರುತ್ತವೆ. ಒಂದು ಫೋಟೋ ಅವರ ಜಾಗ ಹೇಳಿಬಿಡಬಹುದು. ಬೇಕಿದ್ದರೆ ಮೇಜಿನ ಮೇಲಿರುವ ಪುಸ್ತಕಗಳ ಫೋಟೋ ಹಾಕಿ.

ವೀಸಾ, ಪಾಸ್‌ಪೋರ್ಟ್, ಬಂದದ್ದು ಹೇಗೆ ಅನ್ನುವುದನ್ನು ಕೇಳಬೇಡಿ, ಬರೆದಿಡಬೇಡಿ. ಅರ್ಜಿಗೆ ಬೇಕಾದದ್ದು ಹೆಸರು, ವಯಸ್ಸು, ಸ್ಕೂಲ್, ತರಗತಿ, ತುರ್ತಿಗೆ ಒಂದು ನಂಬರ್, ಮತ್ತೆ ಯಾವ ಆಹಾರ ಆಗುವುದಿಲ್ಲ ಅನ್ನುವುದು.

ಮಗು ಏನಾದರೂ ಕೆಟ್ಟದ್ದು ನಡೆದಿದೆ ಅಂತ ಹೇಳಿದರೆ ಸಮಾಧಾನದಿಂದ ಕೇಳಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. ಕೆದಕಿ ಪ್ರಶ್ನೆ ಹಾಕಬೇಡಿ. ಅದೇ ದಿನ ಮಗುವಿನ ಮಾತಿನಲ್ಲೇ ಬರೆದು, ಇದಕ್ಕೆಂದೇ ಗೊತ್ತುಮಾಡಿದ ಒಬ್ಬರಿಗೆ ಕೊಡಿ. ಅವರು ಕಾನೂನಿನಂತೆ ದೂರು ಮುಟ್ಟಿಸಬೇಕು. ಸಭೆಯೊಳಗೇ ಪಂಚಾಯಿತಿ ಮಾಡಿ ಮುಗಿಸುವ ವಿಷಯ ಅಲ್ಲ ಇದು.

ಐದನೇ ಹೆಜ್ಜೆ: ಮೊದಲ ಎರಡು ವಾರ

ಮೊದಲ ದಿನ ಮಗುವಿನ ಹೆಸರನ್ನು ಸರಿಯಾಗಿ ಹೇಳಲು ಕಲಿಯಿರಿ. ಮೂರು ಸಲ ಕೇಳಿದರೂ ಪರವಾಗಿಲ್ಲ. ಸುಲಭವಾಗಲಿ ಅಂತ ನೀವೇ ಒಂದು ಅಡ್ಡಹೆಸರು ಇಡಬೇಡಿ. ಚೀನಾ, ಕೊರಿಯಾ, ವಿಯೆಟ್ನಾಂ, ಹಂಗೇರಿಯ ಕಡೆಯವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಸ್ಕೂಲ್ ರಿಜಿಸ್ಟರ್‌ನಲ್ಲಿ ಅದು ತಿರುಗುಮುರುಗಾಗಿರಬಹುದು.

ಆಮೇಲೆ ಮಗುವಿಗೆ ನಿಜವಾಗಿ ಏನು ಬರುತ್ತದೆ ಅಂತ ನೋಡಿ. ಆರನೇ ತರಗತಿಯ ಮಗುವಿಗೆ ಆರನೇ ತರಗತಿಯ ಪುಸ್ತಕ ಕೊಡಬೇಡಿ. ಊರೂರು ಅಲೆದು, ಮಧ್ಯೆ ಒಂದೆರಡು ವರ್ಷ ಸ್ಕೂಲೇ ಇಲ್ಲದೆ ಬಂದಿರಬಹುದು. ಎರಡು ಮೂರು ತರಗತಿ ಕೆಳಗಿನಿಂದ ಶುರು ಮಾಡಿ, ಮೇಲಕ್ಕೆ ಬನ್ನಿ. ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮ್ಮ ಕೆಲಸ ಶುರು. ಇದನ್ನು ಪರೀಕ್ಷೆ ಅಂತ ಕರೆಯಬೇಡಿ. ಜೊತೆಯಲ್ಲಿ ಓದುತ್ತಾ, ಆಡುತ್ತಾ ಗಮನಿಸಿ.

ಮಾತೇ ಆಡದ ಮಗು ಸಿಗಬಹುದು. ಹೊಸ ಭಾಷೆಗೆ ಬಂದ ಮಕ್ಕಳು ಕೆಲವು ವಾರ, ಕೆಲವು ತಿಂಗಳು ಸುಮ್ನೆ ಕೇಳಿಸಿಕೊಳ್ಳುವುದು ಸಾಮಾನ್ಯ. ಒಳಗೆ ಕಲಿಕೆ ನಡೆಯುತ್ತಲೇ ಇರುತ್ತದೆ. ಬೆರಳು ಮಾಡಿ ತೋರಿಸುವ, ಚಿತ್ರ ಜೋಡಿಸುವ, ಹೌದು ಇಲ್ಲ ಅನ್ನುವ ಕೆಲಸ ಕೊಡಿ. ಕಣ್ಣಿಗೆ ಕಣ್ಣಿಟ್ಟು ನೋಡದಿದ್ದರೆ ಅದನ್ನೂ ಉದಾಸೀನ ಅಂದುಕೊಳ್ಳಬೇಡಿ. ಹಿರಿಯರನ್ನು ನೇರವಾಗಿ ನೋಡಬಾರದು ಅಂತ ಹೇಳಿಕೊಡುವ ಮನೆಗಳಿವೆ.

'ನಿನ್ನ ಊರಿನ ಬಗ್ಗೆ ಹೇಳು', 'ನಿನ್ನ ಕುಟುಂಬದ ಚಿತ್ರ ಬರೆ' ಅನ್ನುವ ಮಾಮೂಲಿ ಚಟುವಟಿಕೆಗಳನ್ನು ಸದ್ಯಕ್ಕೆ ಬಿಡಿ. ಆ ಚಿತ್ರದಲ್ಲಿ ಯಾರು ಇಲ್ಲ ಅನ್ನುವುದು ಮಗುವಿಗೆ ಮಾತ್ರ ಗೊತ್ತು. ಹೇಳಬೇಕು ಅನಿಸಿದಾಗ ತಾನೇ ಹೇಳುತ್ತದೆ.

ಒಂದು ದಿನದ ಪಾಠ

ಒಂದು ಗಂಟೆ ಕಾಲು ಸಾಕು. ಮೊದಲ ಹತ್ತು ಹದಿನೈದು ನಿಮಿಷ ತಿಂಡಿ, ನೀರು, ಮಾತು. ಹಸಿದ ಮಗುವಿನ ತಲೆಗೆ ಏನೂ ಹತ್ತುವುದಿಲ್ಲ, ಅಲ್ವಾ? ಎಲ್ಲ ಮನೆಯವರೂ ತಿನ್ನಬಹುದಾದ ತಿಂಡಿ ಇರಲಿ. ಯಾರೋ ಒಬ್ಬರಿಗೆ ಮಾತ್ರ ಬೇರೆ ತಟ್ಟೆ ಇಡುವ ಹಾಗಾಗದಿರಲಿ. ಆಮೇಲೆ ಇಪ್ಪತ್ತು ನಿಮಿಷ ಓದು, ಹದಿನೈದು ನಿಮಿಷ ಪದ ಮತ್ತು ಮಾತು ಅಥವಾ ಲೆಕ್ಕ, ಇಪ್ಪತ್ತು ನಿಮಿಷ ಹೋಮ್‌ವರ್ಕ್. ಕೊನೆಗೆ ಐದು ನಿಮಿಷ ಆಟ. ಪ್ರತಿ ದಿನವೂ ಇದೇ ಕ್ರಮ. ಮುಂದೆ ಏನು ಅಂತ ಗೊತ್ತಿರುವುದೇ ಈ ಮಕ್ಕಳಿಗೆ ದೊಡ್ಡ ನೆಮ್ಮದಿ.

ಹೋಮ್‌ವರ್ಕ್ ಯಾಕೆ ಕೊನೆಗೆ? ಮೊದಲಿಗೆ ಇಟ್ಟರೆ ಅದು ಇಡೀ ಗಂಟೆಯನ್ನು ತಿಂದುಹಾಕುತ್ತದೆ. ಎರಡನೇ ತರಗತಿಯ ಓದು ಬರದ ಮಗುವಿಗೆ ಆರನೇ ತರಗತಿಯ ಹೋಮ್‌ವರ್ಕ್ ಮಾಡಿಸುವುದು ಅಂದರೆ ಕೊನೆಗೆ ನೀವೇ ಉತ್ತರ ಹೇಳುವುದು, ಮಗು ಬರೆದುಕೊಳ್ಳುವುದು. ಟೀಚರ್‌ಗೆ ಎಲ್ಲ ಸರಿ ಇದೆ ಅನ್ನುವ ಸುಳ್ಳು ಚಿತ್ರ ಸಿಗುತ್ತದೆ. ಆಗದ ಕಡೆ ಬಿಟ್ಟು, 'ಇಲ್ಲಿ ತನಕ ತಾನೇ ಮಾಡಿದೆ, ಮುಂದಿನದು ಕಷ್ಟವಾಯಿತು' ಅಂತ ಪುಸ್ತಕದಲ್ಲಿ ಒಂದು ಸಾಲು ಬರೆದು ಕಳಿಸಿ.

ಓದು: ಇಲ್ಲಿ ಜಾಸ್ತಿ ಹೊತ್ತು ಕೊಡಿ

ಒಂದೇ ಒಂದು ವಿಷಯ ಕಲಿಸಲು ಹೊತ್ತಿದೆ ಅಂದರೆ ನಾನು ಓದುವುದನ್ನೇ ಆರಿಸುತ್ತೇನೆ. ವಿಜ್ಞಾನ, ಸಮಾಜ, ಲೆಕ್ಕದ ಮಾತಿನ ಪ್ರಶ್ನೆ ಎಲ್ಲಕ್ಕೂ ಅದೇ ಬಾಗಿಲು.

ಸ್ವಯಂಸೇವಕರಿಗೆ ಕಲಿಸಲು ಸುಲಭವಾದ ವಿಧಾನ ಜೋಡಿ ಓದು. ಮಗು ಪುಸ್ತಕ ಆರಿಸುತ್ತದೆ. ಇಬ್ಬರೂ ಒಟ್ಟಿಗೆ, ಮಗುವಿನ ವೇಗದಲ್ಲಿ, ಜೋರಾಗಿ ಓದುತ್ತೀರಿ. ಮಗುವಿಗೆ ಧೈರ್ಯ ಬಂದಾಗ ಮೇಜು ತಟ್ಟುತ್ತದೆ. ನೀವು ನಿಲ್ಲಿಸುತ್ತೀರಿ, ಅದು ಒಬ್ಬಂಟಿಯಾಗಿ ಓದುತ್ತದೆ. ತಪ್ಪಿದರೆ ಅಥವಾ ನಿಂತರೆ ನಾಲ್ಕೈದು ಸೆಕೆಂಡ್ ಕಾಯಿರಿ. ತಾನೇ ಸರಿಮಾಡಿಕೊಳ್ಳದಿದ್ದರೆ ಪದ ಹೇಳಿ, ಮಗು ಅದನ್ನು ಹೇಳಲಿ, ಮತ್ತೆ ಇಬ್ಬರೂ ಜೊತೆಯಾಗಿ ಮುಂದುವರಿಯಿರಿ. ಆ ನಾಲ್ಕೈದು ಸೆಕೆಂಡ್ ಕಾಯುವುದು ದೊಡ್ಡವರಿಗೆ ಎಷ್ಟು ಕಷ್ಟ ಅನ್ನುವುದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಬೇಕಾದರೆ ಮನಸ್ಸಿನಲ್ಲೇ ಎಣಿಸಿ.

ಅಕ್ಷರವೇ ಗಟ್ಟಿಯಿಲ್ಲದ ಮಗುವಿಗೆ ಇದಕ್ಕೆ ಮೊದಲು ಅಕ್ಷರ ಮತ್ತು ಉಚ್ಚಾರಣೆಯ ಅಭ್ಯಾಸ ಬೇಕು. ಅಕ್ಷರದ ಹೆಸರಿಗಿಂತ ಅದು ಕೊಡುವ ಸದ್ದು ಮುಖ್ಯ. ದಿನಕ್ಕೆ ಒಂದೆರಡು ಸದ್ದು, ಅವುಗಳಿಂದ ಆಗುವ ಚಿಕ್ಕ ಪದಗಳು. ಚಿತ್ರ ನೋಡಿ ಪದ ಊಹಿಸುವ ಅಭ್ಯಾಸ ಬೆಳೆಸಬೇಡಿ, ಅಕ್ಷರ ಕೂಡಿಸಿ ಓದುವ ಅಭ್ಯಾಸ ಬೆಳೆಸಿ. ಅರಬ್ಬಿ, ಉರ್ದು, ಫಾರ್ಸಿ ಓದಿ ಬಂದ ಮಗು ಪುಸ್ತಕವನ್ನು ಹಿಂದಿನಿಂದ ತೆರೆದರೆ ನಗಬೇಡಿ. ಅವರ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ. ಆ ಮಗುವಿಗೆ ಓದು ಅಂದರೇನು ಅಂತ ಗೊತ್ತಿದೆ, ಹೊಸ ಲಿಪಿ ಮಾತ್ರ ಬೇಕು. ಯಾವ ಲಿಪಿಯನ್ನೂ ಕಲಿಯದ ಮಗುವಿನ ದಾರಿ ಬೇರೆ, ಅದು ಉದ್ದ.

ಪುಸ್ತಕ ಕಷ್ಟವಾ ಅಂತ ನೋಡಲು ಐದು ಬೆರಳಿನ ಲೆಕ್ಕ ಸಾಕು. ಒಂದು ಪುಟದಲ್ಲಿ ಬರದ ಪದ ಸಿಕ್ಕಾಗಲೆಲ್ಲ ಮಗು ಒಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕವನ್ನು ನೀವು ಓದಿ ಹೇಳಿ, ಮಗುವಿಗೆ ಬೇರೆಯದು ಕೊಡಿ. ಹನ್ನೆರಡು ವರ್ಷದ ಹುಡುಗನ ಕೈಗೆ ಮೊಲದ ಮರಿಯ ಕಥೆ ಕೊಟ್ಟರೆ ಅವಮಾನವಾಗುತ್ತದೆ. ಅಂಥವರಿಗೆ ಸುಲಭ ಭಾಷೆಯ ಆಟಗಾರರ ಕಥೆ, ಪ್ರಾಣಿಗಳ ಮಾಹಿತಿ, ಯಂತ್ರಗಳ ಪುಸ್ತಕ ಹುಡುಕಿ.

ಮಾತು ಬಂತು, ಪಾಠ ಯಾಕೆ ಬರಲಿಲ್ಲ?

ಎಲ್ಲರೂ ಎಡವುವ ಜಾಗ ಇದು. ಮಗು ಮೈದಾನದಲ್ಲಿ ಹೊಸ ಭಾಷೆಯಲ್ಲಿ ಜಗಳ ಆಡುತ್ತದೆ, ಜೋಕ್ ಹೇಳುತ್ತದೆ. ಆದರೆ ಪಾಠದ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಸೋಮಾರಿ ಅಂತಾರೆ. ಕೆನಡಾದ ಜಿಮ್ ಕಮಿನ್ಸ್ ಎಂಬ ಸಂಶೋಧಕರು 1979ರಲ್ಲೇ ಇವೆರಡನ್ನು ಬೇರೆ ಮಾಡಿ ತೋರಿಸಿದರು. ದಿನದ ಮಾತಿಗೆ ಸುಮಾರು ಎರಡು ವರ್ಷ ಸಾಕು. ಪಾಠದ ಭಾಷೆಯಲ್ಲಿ ಓರಗೆಯವರ ಮಟ್ಟ ಮುಟ್ಟಲು ಐದರಿಂದ ಏಳು ವರ್ಷ ಬೇಕಾಗಬಹುದು. ಮಾತು ಬಂದ ಮಗುವಿಗೆ ಸಹಾಯ ನಿಲ್ಲಿಸಿದರೆ, ಸಹಾಯ ಹೆಚ್ಚು ಬೇಕಾದ ಹೊತ್ತಿಗೇ ಕೈಬಿಟ್ಟ ಹಾಗೆ.

ಏನು ಮಾಡಬೇಕು? ಪ್ರಶ್ನೆಪತ್ರಿಕೆಯ ಕ್ರಿಯಾಪದಗಳಿಂದ ಶುರು ಮಾಡಿ. 'ಹೋಲಿಸಿ', 'ವಿವರಿಸಿ', 'ಅಂದಾಜು ಮಾಡಿ', 'ಕಾರಣ ಕೊಡಿ', 'ಪಟ್ಟಿ ಮಾಡಿ'. ಇವು ಆಟದ ಮೈದಾನದಲ್ಲಿ ಸಿಗುವ ಪದಗಳಲ್ಲ. ವಾರಕ್ಕೆ ಐದು ಪದ, ಒಂದು ಚಿಕ್ಕ ಪುಸ್ತಕದಲ್ಲಿ. ಪದ, ಒಂದು ಚಿತ್ರ, ಮಗುವೇ ಮಾಡಿದ ಒಂದು ವಾಕ್ಯ, ಪಕ್ಕದಲ್ಲಿ ಮನೆಯ ಭಾಷೆಯಲ್ಲಿ ಅದೇ ಪದ. ನಂತರ ಆ ಪದ ಬಳಸಿ ಮಾತಾಡಿಸಿ: ಈ ಎರಡು ಎಲೆಗಳನ್ನು ಹೋಲಿಸು. ಎಷ್ಟು ಹೆಜ್ಜೆ ಇರಬಹುದು, ಅಂದಾಜು ಮಾಡು.

ವಾಕ್ಯದ ಅರ್ಧವನ್ನು ನೀವು ಕೊಟ್ಟು ಉಳಿದದ್ದನ್ನು ಮಗುವಿಗೆ ಬಿಡುವುದೂ ಒಳ್ಳೆಯ ಉಪಾಯ. 'ನನಗೆ ಹೀಗೆ ಅನಿಸುತ್ತದೆ, ಯಾಕೆಂದರೆ...' ಅಂತ ಶುರು ಮಾಡಿ ನಿಲ್ಲಿಸಿ. ತಪ್ಪು ವ್ಯಾಕರಣ ಬಂದರೆ ತಿದ್ದಿ ಬೈಯುವ ಬದಲು ಅದೇ ಮಾತನ್ನು ಸರಿಯಾಗಿ ಹೇಳಿ ಮುಂದುವರಿಯಿರಿ.

ಇನ್ನೊಂದು ಮಾತು. 'ಮನೆಯಲ್ಲಿ ನಿಮ್ಮ ಭಾಷೆ ಬಿಡಿ, ಇಲ್ಲಿನ ಭಾಷೆಯನ್ನೇ ಆಡಿ' ಅಂತ ಅಪ್ಪ ಅಮ್ಮನಿಗೆ ಹೇಳಬೇಡಿ. ಒಂದು ಭಾಷೆಯಲ್ಲಿ ಕಲಿತ ಓದು, ಯೋಚನೆ ಇನ್ನೊಂದಕ್ಕೆ ಬರುತ್ತದೆ. ಅಪ್ಪ ಅಮ್ಮ ತಮಗೆ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಿದರೆ ಮನೆಯ ಮಾತೇ ಕಡಿಮೆಯಾಗುತ್ತದೆ. ಕಥೆ ಹೇಳಲಿ, ಹಾಡಲಿ, ಜಗಳ ಬೇಕಾದರೂ ಆಡಲಿ, ತಮ್ಮ ಭಾಷೆಯಲ್ಲೇ. ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯೂ ಮಗುವಿನ ಸ್ವಂತ ಭಾಷೆಗೆ ಗೌರವ ಬೆಳೆಸುವುದು ಶಿಕ್ಷಣದ ಗುರಿಗಳಲ್ಲಿ ಒಂದು ಅನ್ನುತ್ತದೆ.

ಲೆಕ್ಕ

ಲೆಕ್ಕಕ್ಕೆ ಭಾಷೆ ಬೇಡ ಅನ್ನುವುದು ಅರ್ಧ ನಿಜ. ನಾವು 12,34,567 ಅಂತ ಬರೆಯುವ ಸಂಖ್ಯೆಯನ್ನು ಬೇರೆ ಕಡೆ 1,234,567 ಅಂತ ಬರೆಯುತ್ತಾರೆ. ಯುರೋಪಿನ ಹಲವು ದೇಶಗಳಲ್ಲಿ 1.250 ಅಂದರೆ ಸಾವಿರದ ಇನ್ನೂರ ಐವತ್ತು, ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆ ಬರೆಯುವ ದೇಶಗಳಿವೆ. ಮಗು 1 ಅಂಕಿಯ ತಲೆಗೆ ಉದ್ದ ಮೂಗು ಇಟ್ಟು ಬರೆದರೆ ನಮ್ಮ ಕಣ್ಣಿಗೆ ಅದು 7ರಂತೆ ಕಾಣುತ್ತದೆ. ತಪ್ಪು ಅಂತ ಗೀಟು ಹಾಕುವ ಮೊದಲು 'ನಿನ್ನ ಹಳೆಯ ಸ್ಕೂಲ್‌ನಲ್ಲಿ ಹೇಗೆ ಮಾಡ್ತಿದ್ರು, ತೋರಿಸು' ಅನ್ನಿ. ಎಷ್ಟೋ ಸಲ ಮಗುವಿಗೆ ನಿಮಗಿಂತ ಚೆನ್ನಾಗಿ ಬರುತ್ತದೆ.

ಬುಡ ಗಟ್ಟಿಯಿಲ್ಲದಿದ್ದರೆ ಸ್ಥಾನಬೆಲೆ, ಮಗ್ಗಿ, ಭಿನ್ನರಾಶಿ ಈ ಮೂರನ್ನು ಹಿಡಿಯಿರಿ. ಮಗ್ಗಿಯನ್ನು ದಿನಾ ಐದು ನಿಮಿಷ ಆಟದ ರೂಪದಲ್ಲಿ. ಮಾತಿನ ಲೆಕ್ಕ ಬಂದಾಗ ಮೊದಲು ಕಥೆಯನ್ನು ಚಿತ್ರ ಬರೆಸಿ, ಆಮೇಲೆ ಸಂಖ್ಯೆ.

ಅಪ್ಪ ಅಮ್ಮ, ಸ್ಕೂಲ್

ಅಪ್ಪ ಅಮ್ಮ ಬರುವುದಿಲ್ಲ ಅಂದರೆ ಕಾಳಜಿ ಇಲ್ಲ ಅಂತ ಅರ್ಥವಲ್ಲ. ಎರಡು ಪಾಳಿ ದುಡಿಯುತ್ತಿರಬಹುದು. ಭಾಷೆ ಬಾರದೆ ಮುಜುಗರ ಇರಬಹುದು. ಮಾತಾಡಬೇಕಾದಾಗ ಮಗುವನ್ನೇ ದುಭಾಷಿ ಮಾಡಬೇಡಿ. ಆಸ್ಪತ್ರೆ, ಬ್ಯಾಂಕು, ಮನೆ ಮಾಲೀಕರ ಮುಂದೆಲ್ಲ ಅದು ಈಗಾಗಲೇ ಆ ಕೆಲಸ ಮಾಡುತ್ತಿರುತ್ತದೆ. ಸಭೆಯಲ್ಲಿ ಅಥವಾ ಊರಿನಲ್ಲಿ ಆ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಹುಡುಕಿ. ಮೊದಲ ಸುದ್ದಿ ಒಳ್ಳೆಯದಾಗಿರಲಿ. ಸ್ಕೂಲ್‌ನಿಂದ ಫೋನ್ ಬಂದರೆ ದೂರೇ ಇರುತ್ತದೆ ಅಂತ ಹೆದರಿರುವ ಮನೆಗೆ 'ಇವತ್ತು ನಿಮ್ಮ ಮಗಳು ಒಂದು ಇಡೀ ಪುಟ ಓದಿದಳು' ಅನ್ನುವ ಒಂದು ಸಾಲು ಸಾಕು.

ಟೀಚರ್ ಜೊತೆ ತಿಂಗಳಿಗೊಮ್ಮೆ ಮಾತಾಡಿ, ಅಪ್ಪ ಅಮ್ಮನ ಒಪ್ಪಿಗೆ ಪಡೆದು. ಅವರ ಪಾಠಕ್ಕೆ ಎದುರಾಗಿ ಬೇರೆ ವಿಧಾನ ಕಲಿಸಿ ಮಗುವನ್ನು ಗೊಂದಲಕ್ಕೆ ಹಾಕಬೇಡಿ.

ಫಲ ಬರುತ್ತಿದೆಯಾ?

ಮೊದಲ ಪರೀಕ್ಷೆಯ ಅಂಕ ನೋಡಿ ನಿರಾಶರಾಗಬೇಡಿ, ಖುಷಿಯಲ್ಲಿ ಕುಣಿಯಲೂ ಬೇಡಿ. ಆರು ವಾರಕ್ಕೊಮ್ಮೆ, ಅದೇ ಮಟ್ಟದ ಹೊಸ ಪುಟವೊಂದನ್ನು ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ ಬರೆದಿಡಿ. ಮಗುವಿಗೂ ಆ ಗೆರೆ ಮೇಲೇರುವುದನ್ನು ತೋರಿಸಿ. ಏರದಿದ್ದರೆ ವಿಧಾನ ಬದಲಿಸಿ. ಬಹಳ ದಿನ ಏರಲೇ ಇಲ್ಲ ಅಂದರೆ ಕಣ್ಣು, ಕಿವಿ ತಪಾಸಣೆ ಆಗಿದೆಯಾ ಅಂತ ಮನೆಯವರನ್ನು ಕೇಳಿ. ಕನ್ನಡಕ ಇಲ್ಲದ್ದೇ ಕಾರಣವಾಗಿರುವುದೂ ಉಂಟು.

ಇದರ ಜೊತೆಗೆ ಹಾಜರಿ ಪುಸ್ತಕ ಇಡಿ, ಮಕ್ಕಳದ್ದು ಮಾತ್ರವಲ್ಲ, ಸ್ವಯಂಸೇವಕರದ್ದೂ. ನಿಮ್ಮ ಟ್ಯೂಷನ್‌ನ ಆರೋಗ್ಯ ಎರಡನೇ ಪಟ್ಟಿಯಲ್ಲಿ ಕಾಣುತ್ತದೆ. ತಿಂಗಳಲ್ಲಿ ಎರಡು ಸಲ ತಪ್ಪಿಸಿದವರ ಜೊತೆ ಮೇಲ್ವಿಚಾರಕರು ಅದೇ ವಾರ ಮಾತಾಡಬೇಕು. ಬೈಯಲು ಅಲ್ಲ. ದಿನ ಬದಲಿಸಬೇಕಾ, ಪ್ರಯಾಣ ಕಷ್ಟವಾ, ಮಗುವಿನ ಜೊತೆ ಹೊಂದಿಕೆ ಆಗುತ್ತಿಲ್ಲವಾ ಅಂತ ತಿಳಿಯಲು. ಹೊಂದಿಕೆ ಆಗದ ಜೋಡಿಯನ್ನು ಮೊದಲ ತಿಂಗಳಲ್ಲೇ ಬದಲಿಸಿ. ಆಮೇಲೆ ಬದಲಿಸಿದರೆ ಮಗು ಅದನ್ನು ತನ್ನ ತಪ್ಪು ಅಂದುಕೊಳ್ಳುತ್ತದೆ.

ಬಿಟ್ಟು ಹೋಗುವಾಗ

ಯಾರೂ ಶಾಶ್ವತವಾಗಿ ಇರುವುದಿಲ್ಲ. ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ಮಗುವಿನ ಕುಟುಂಬವೇ ಇನ್ನೊಂದು ಊರಿಗೆ ಹೋಗಬಹುದು. ಹೋಗುವುದು ತಿಳಿದ ತಕ್ಷಣ ಮಗುವಿಗೆ ಹೇಳಿ, ಕನಿಷ್ಠ ನಾಲ್ಕು ವಾರ ಮೊದಲು. ಕಾರಣ ಹೇಳಿ, ಅದು ಮಗುವಿನಿಂದ ಅಲ್ಲ ಅಂತಲೂ ಹೇಳಿ. 'ಆಗಾಗ ಬರ್ತೀನಿ' ಅನ್ನುವ ಮಾತು ಬೇಡ, ನಿಜವಾಗಿ ಬರುವುದಾದರೆ ಮಾತ್ರ ಹೇಳಿ. ಕೊನೆಯ ಎರಡು ವಾರ ಹೊಸಬರು ಜೊತೆಯಲ್ಲಿ ಕೂರಲಿ. ಮೊದಲ ವಾರ ಸುಮ್ನೆ ನೋಡಲಿ, ಎರಡನೇ ವಾರ ಓದಿಸಲಿ. ಪದಗಳ ಪುಸ್ತಕ ಮಗುವಿನ ಹತ್ತಿರವೇ ಇರಲಿ. ಓದಿದ ಲೆಕ್ಕ, ಮಗುವಿಗೆ ಇಷ್ಟದ ಪುಸ್ತಕಗಳ ಹೆಸರು, ಯಾವುದಕ್ಕೆ ಹೆದರುತ್ತದೆ ಅನ್ನುವ ಟಿಪ್ಪಣಿ ಮಾತ್ರ ಹೊಸಬರಿಗೆ ಹೋಗಲಿ. ಕುಟುಂಬ ಬೇರೆ ಊರಿಗೆ ಹೋಗುತ್ತಿದ್ದರೆ ಅದೇ ಟಿಪ್ಪಣಿಯ ಒಂದು ಪ್ರತಿಯನ್ನು ಅಪ್ಪ ಅಮ್ಮನ ಕೈಗೆ ಕೊಡಿ. ಹೊಸ ಸ್ಕೂಲ್‌ನ ಟೀಚರ್‌ಗೆ ತೋರಿಸಲು ಅವರ ಹತ್ತಿರ ಏನಾದರೂ ಇರಲಿ.